ಗಿರಿಗಳನ್ನು ಗೆದ್ದ ಸೈಕಲ್ ಸವಾರ: ಇಟಲಿಯ ಜಿನೋ ಬಾರ್ತಲಿ

ಬಸವನ ಬಾಗೇವಾಡಿಗೂ ತಾಳಿಕೋಟೆಗೂ ನಡುವಣ ಹೂವಿನ ಹಿಪ್ಪರಗಿಯ ಸುತ್ತ ಕಣ್ಣು ಹಾಯುವಷ್ಟು ದೂರವೂ ಎರೆಯ ಹೊಲಗಳೇ. ಇಲ್ಲಿ ಸೈಕಲ್ ತುಳಿಯುವವನಿಗೆ ಎದುರಾಳಿಯಾಗಿ ನಿಲ್ಲುವ ಬೆಟ್ಟಗಳಿಲ್ಲ. ಎದುರಾಳಿಗಳೆಂದರೆ ಬಯಲಿನ ಗಾಳಿ ಮತ್ತು ನೆತ್ತಿ ಸುಡುವ ಬಿಸಿಲು. ಹಾಲಿನ ಕ್ಯಾನನ್ನು ಊರಿಗೆ ಮುಟ್ಟಿಸಿದ, ಜೋಳದ ಚೀಲವನ್ನು ಗಿರಣಿಗೆ ಹೊತ್ತ, ಮಕ್ಕಳನ್ನು ಶಾಲೆಗೆ ಕರೆದೊಯ್ದ ಸೈಕಲ್ಲು ಈ ನಾಡಿನಲ್ಲಿ ಕೇವಲ ವಾಹನವಲ್ಲ, ಮನೆಯ ಒಬ್ಬ ಆಳು. ಜಾತ್ರೆಯ ಸಂಭ್ರಮದಲ್ಲಿ ನಡೆಯುವ ಸೈಕಲ್ ಶರ್ಯತ್ತುಗಳನ್ನು ನೋಡಲು ರಸ್ತೆಯ ಎರಡು ಬದಿಗೂ ಜನ ಕಿಕ್ಕಿರಿಯುತ್ತಾರೆ. ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳ ಒಕ್ಕಲು ಮನೆತನಗಳ ಹುಡುಗ ಹುಡುಗಿಯರು ರಾಷ್ಟ್ರಮಟ್ಟದ ಸೈಕಲ್ ಪಂದ್ಯಗಳಲ್ಲಿ ಪದಕಗಳನ್ನು ಗೆದ್ದು ತಂದು ಕರ್ನಾಟಕದ ಹೆಸರನ್ನು ಮುಂದಿರಿಸಿದ್ದಾರೆ.

ಇಂಥ ನಾಡಿನ ಜನಕ್ಕೆ, ಸೈಕಲ್ ತುಳಿಯುವವನೊಬ್ಬನು ಒಂದು ಇಡೀ ದೇಶದ ಕಣ್ಮಣಿಯಾದನೆಂದರೆ ವಿಚಿತ್ರವೆನಿಸಲಾರದು. ಇಟಲಿಯ ಜಿನೋ ಬಾರ್ತಲಿ ಅಂಥವನು. ಹತ್ತೊಂಬತ್ತು ವರ್ಷಗಳ ಕಾಲ ಆತನು ಸೈಕಲ್ ಪಂದ್ಯವನ್ನೇ ವೃತ್ತಿಯಾಗಿ ಉಳ್ಳವನಾಗಿದ್ದನು. ಸರ್ವಾಧಿಕಾರಿಯು ಆತನ ಕೀರ್ತಿಯನ್ನು ತನ್ನದಾಗಿಸಿಕೊಳ್ಳಲು ನೋಡಿದನು. ರಾಜಕೀಯ ಪಕ್ಷಗಳು ಅದಕ್ಕಾಗಿ ಪೈಪೋಟಿ ನಡೆಸಿದವು. ಪತ್ರಿಕೆಗಳು ಅದನ್ನು ಮಾರಿ ಬದುಕಿದವು. ಆದರೆ ಆ ಜನಪ್ರಿಯತೆಯನ್ನು ಬಾರ್ತಲಿಯು ಸ್ವತಃ ಯಾವುದಕ್ಕೆ ಬಳಸಿದನೆಂಬುದು ಲೋಕಕ್ಕೆ ಚೆನ್ನಾಗಿ ತಿಳಿದುಬಂದುದು ಆತನು ಕಣ್ಮುಚ್ಚಿದ ಮೇಲೆ.

ರಿಪೇರಿ ಅಂಗಡಿಯ ಹುಡುಗ

ಫ್ಲಾರೆನ್ಸ್ ನಗರದ ಸಮೀಪದಲ್ಲಿ ಎಮಾ ಎಂಬ ಸಣ್ಣ ಹೊಳೆ ಹರಿಯುತ್ತದೆ. ಅದರ ದಡದ ಪೋಂತೆ ಅ ಎಮಾ ಎಂಬ ಹಳ್ಳಿಯಲ್ಲಿ 1914ನೆಯ ಇಸವಿ ಜುಲೈ 18ರಂದು ಬಾರ್ತಲಿಯ ಜನನವಾಯಿತು. ತಂದೆ ಕೂಲಿ ಮಾಡಿ ಸಂಸಾರ ಸಾಗಿಸುತ್ತಿದ್ದ ಶ್ರಮಜೀವಿ. ಹುಡುಗನಿಗೆ ಪುಸ್ತಕಗಳಿಗಿಂತ ಗಾಲಿಗಳ ಮೇಲೆಯೇ ಹೆಚ್ಚಿನ ಒಲವು. ಎಳೆಯ ವಯಸ್ಸಿನಲ್ಲಿಯೇ ಆತನು ಊರಿನ ಸೈಕಲ್ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದನು. ಚೈನು ಬಿಚ್ಚುವುದು, ಕಡ್ಡಿ ಬಿಗಿಯುವುದು, ಪಂಕ್ಚರು ಹಾಕುವುದು ಇವೇ ಆತನ ಮೊದಲ ಪಾಠಗಳು. ಅಂಗಡಿಯ ಯಜಮಾನನೂ ಅವನ ಗೆಳೆಯರೂ ಸೈಕಲ್ ಹತ್ತಿ ಗುಡ್ಡಗಳ ಕಡೆ ಹೊರಟಾಗ ಈ ಹುಡುಗನು ಅವರ ಬೆನ್ನು ಬಿಡದೆ ಏರಿಬಿಡುತ್ತಿದ್ದನು. ಹುಡುಗನಲ್ಲಿ ಅಸಾಧಾರಣವಾದುದೇನೋ ಇದೆಯೆಂದು ಅವರಿಗೆ ಹೊಳೆದುದು ಆಗಲೇ.

1935ರಲ್ಲಿ ಬಾರ್ತಲಿಯು ವೃತ್ತಿಪರ ಸವಾರನಾದನು. ಮರುವರ್ಷವೇ, ಇಪ್ಪತ್ತೆರಡು ತುಂಬುವ ಮುನ್ನ, ಇಟಲಿಯ ಮಹಾಪಂದ್ಯವಾದ ಜಿರೋ ದಿತಾಲಿಯಾವನ್ನು ಗೆದ್ದನು. ಆ ಸಂತೋಷ ಉಳಿದುದು ಕೆಲವೇ ದಿನ. ಸೈಕಲ್ ಪಂದ್ಯಗಳಿಗೆ ಇಳಿದಿದ್ದ ತಮ್ಮ ಜ್ಯೂಲಿಯೋ ಅದೇ ಜೂನ್ ತಿಂಗಳಿನಲ್ಲಿ ಪಂದ್ಯವೊಂದರಲ್ಲಿ ಅಪಘಾತಕ್ಕೆ ಸಿಕ್ಕಿ ತೀರಿಕೊಂಡನು. ಒಂದೇ ಮನೆಯಲ್ಲಿ ಗೆಲುವಿನ ಹಾರವೂ ಸಾವಿನ ಹೂವೂ ಒಟ್ಟಿಗೆ ಬಂದಂತಾಯಿತು. ಬಾರ್ತಲಿಯು ಸೈಕಲ್ಲನ್ನೇ ತ್ಯಜಿಸಿಬಿಡುವ ಯೋಚನೆ ಮಾಡಿದನು. ಬಹಳ ಕಷ್ಟದಿಂದ ಮನಸ್ಸನ್ನು ಹಿಡಿತಕ್ಕೆ ತಂದುಕೊಂಡು ಪಂದ್ಯಗಳಿಗೆ ಮರಳಿದಾಗ ಆತನಲ್ಲಿ ಮೊದಲೇ ಇದ್ದ ದೈವಭಕ್ತಿ ಇನ್ನಷ್ಟು ಗಾಢವಾಗಿದ್ದಿತು. ಮುಂದೆ ಕ್ರೈಸ್ತರ ಕಾರ್ಮೆಲೈಟ್ ಪಂಥದಲ್ಲಿ ಗೃಹಸ್ಥ ದೀಕ್ಷೆಯನ್ನೂ ಪಡೆದನು. "ಭಕ್ತ ಜಿನೋ" ಎಂದು ಜನ ಕರೆದರು. ಅದರಲ್ಲಿ ಅಭಿಮಾನವೂ ಇದ್ದಿತು, ಸ್ವಲ್ಪ ತಮಾಷೆಯೂ ಇದ್ದಿತು.

ಮೂರು ವಾರಗಳ ತಪಸ್ಸು

ಬಾರ್ತಲಿಯ ಹಿರಿಮೆ ಮನಸ್ಸಿಗೆ ಬರಬೇಕಾದರೆ ಆ ಪಂದ್ಯಗಳ ರೀತಿಯನ್ನು ಕೊಂಚ ತಿಳಿಯಬೇಕು. 1903ರಲ್ಲಿ ಆರಂಭವಾದ ಟೂರ್ ಡಿ ಫ್ರಾನ್ಸ್ ಮತ್ತು 1909ರಲ್ಲಿ ಆರಂಭವಾದ ಜಿರೋ ಇವೆರಡೂ ಪತ್ರಿಕೆಗಳು ತಮ್ಮ ಪ್ರಸಾರವನ್ನು ಹೆಚ್ಚಿಸಿಕೊಳ್ಳಲು ಹುಟ್ಟುಹಾಕಿದ ಪಂದ್ಯಗಳು. ಸವಾರರು ಸುಮಾರು ಮೂರು ವಾರಗಳ ಕಾಲ ದಿನಕ್ಕೊಂದು ಹಂತದಂತೆ ದೇಶವನ್ನು ಸುತ್ತಬೇಕು. ಪ್ರತಿದಿನದ ಕಾಲವನ್ನು ಕೂಡಿಸುತ್ತ ಹೋಗಿ, ಒಟ್ಟಿನಲ್ಲಿ ಎಲ್ಲರಿಗಿಂತ ಕಡಮೆ ಸಮಯ ತೆಗೆದುಕೊಂಡವನನ್ನು ವಿಜಯಿಯೆಂದು ಸಾರುತ್ತಾರೆ. ಮುಂದಿರುವವನಿಗೆ ಫ್ರಾನ್ಸಿನಲ್ಲಿ ಹಳದಿ ಅಂಗಿ, ಇಟಲಿಯಲ್ಲಿ ಗುಲಾಬಿ ಅಂಗಿ. ಆ ಅಂಗಿ ಇಂದು ಒಬ್ಬನ ಮೈಮೇಲೆ, ನಾಳೆ ಮತ್ತೊಬ್ಬನ ಮೈಮೇಲೆ.

ಬಯಲಿನ ದಾರಿಯಲ್ಲಿ ಸವಾರರು ಗುಂಪಾಗಿಯೇ ಸಾಗುತ್ತಾರೆ. ಮುಂದಿನವನು ಗಾಳಿಯನ್ನು ಸೀಳಿಕೊಂಡು ಹೋಗುತ್ತಿರಲು ಹಿಂದಿನವನಿಗೆ ಸಾಕಷ್ಟು ಶ್ರಮ ಉಳಿಯುತ್ತದೆ. ಆದುದರಿಂದಲೇ ನಾಯಕನಿಗೆ ಗಾಳಿಯ ಮರೆಯಾಗಿ ನಡೆಯುವ, ನೀರು ತಂದುಕೊಡುವ, ಅವನ ಗಾಲಿ ಕೆಟ್ಟರೆ ತನ್ನ ಗಾಲಿಯನ್ನೇ ಬಿಚ್ಚಿಕೊಡುವ ಸಹಾಯಕ ಸವಾರರು ಪ್ರತಿ ತಂಡದಲ್ಲಿಯೂ ಇರುತ್ತಾರೆ. ಬೆಟ್ಟದ ಏರಿಕೆಯಲ್ಲಿ ಮಾತ್ರ ಈ ಮರೆಯ ಪ್ರಯೋಜನ ಅತ್ಯಲ್ಪ. ಅಲ್ಲಿ ಅವನವನ ಕಾಲು, ಅವನವನ ಉಸಿರು, ಅವನವನ ಎದೆಗಾರಿಕೆ. ಬಾರ್ತಲಿಯು ರಾಜನಾಗಿ ಮೆರೆದುದು ಇಲ್ಲಿಯೇ. ಜಿರೋ ಪಂದ್ಯದಲ್ಲಿ ಬೆಟ್ಟಗಳ ಬಹುಮಾನವನ್ನು ಆತನು ಏಳು ಸಲ ಗೆದ್ದನು.

ಅಂದಿನ ರಸ್ತೆಗಳು ಬಹುಮಟ್ಟಿಗೆ ಜಲ್ಲಿಯವು. ಒಣಗಿದರೆ ಧೂಳು, ಮಳೆ ಬಂದರೆ ಕೆಸರು. ಗೇರು ಬದಲಾಯಿಸುವ ಯಂತ್ರಕ್ಕೆ ಫ್ರಾನ್ಸಿನ ಪಂದ್ಯದಲ್ಲಿ ಅನುಮತಿ ದೊರೆತುದೇ 1937ರಲ್ಲಿ. ಮುಂದೆ 1948ರಲ್ಲಿ ಬಾರ್ತಲಿಯು ಬಳಸಿದ ಗೇರೂ ಇಂದಿನಂತೆ ಬೆರಳ ತುದಿಯಲ್ಲಿ ಕೇಳುವಂಥದಲ್ಲ. ಹಿಂದಿನ ಚಕ್ರದ ಬಳಿ ಇದ್ದ ಎರಡು ಕಡ್ಡಿಗಳನ್ನು ಸವಾರನು ಕೈ ಹಿಂದೆ ಚಾಚಿ ತಿರುಗಿಸಬೇಕು. ಒಂದರಿಂದ ಚಕ್ರವನ್ನು ಸಡಿಲಿಸಿ, ಪೆಡಲನ್ನು ಹಿಮ್ಮುಖವಾಗಿ ತುಳಿಯುತ್ತ, ಮತ್ತೊಂದರಿಂದ ಚೈನನ್ನು ಬೇರೆ ಹಲ್ಲಿಗೆ ಸರಿಸಿ, ಪುನಃ ಬಿಗಿಯಬೇಕು. ಚಲಿಸುತ್ತಿರುವ ಸೈಕಲ್ಲಿನ ಮೇಲೆಯೇ ಇಷ್ಟೆಲ್ಲ ನಡೆಯಬೇಕು!

ಸರ್ವಾಧಿಕಾರಿಯ ಆಸೆ

1937ರಲ್ಲಿ ಬಾರ್ತಲಿಯು ಎರಡನೆಯ ಬಾರಿ ಜಿರೋ ಗೆದ್ದನು. ಅದೇ ಬೇಸಗೆಯಲ್ಲಿ ಫ್ರಾನ್ಸಿಗೆ ಹೋಗಿ ಆಲ್ಪ್ಸ್ ಪರ್ವತಗಳಲ್ಲಿ ಹಳದಿ ಅಂಗಿಯನ್ನೂ ಧರಿಸಿದನು. ಮರುದಿನವೇ ಸೇತುವೆಯೊಂದರ ಮೇಲಿಂದ ತಣ್ಣೀರಿನ ತೊರೆಗೆ ಉರುಳಿದನು. ಒದ್ದೆಯಾಗಿ, ಗಾಯಗೊಂಡು, ಆದರೂ ಹಂತವನ್ನು ಮುಗಿಸಿದನು. ಕೆಲವು ದಿನಗಳ ಬಳಿಕ ಇಟಲಿಯ ಕ್ರೀಡಾಧಿಕಾರಿಗಳು ಆತನನ್ನು ಪಂದ್ಯದಿಂದ ಹಿಂದಕ್ಕೆ ಕರೆಯಿಸಿಕೊಂಡರು.

ಆಗ ಇಟಲಿಯಲ್ಲಿ ಮುಸೊಲಿನಿಯ ಆಡಳಿತ. ಫ್ಯಾಸಿಸ್ಟರಿಗೆ ಕ್ರೀಡೆಯು ಬರಿಯ ಕ್ರೀಡೆಯಾಗಿರಲಿಲ್ಲ. ತಮ್ಮ ಜನಾಂಗವೇ ಶ್ರೇಷ್ಠವೆಂದು ಜಗತ್ತಿಗೆ ಸಾರುವ ತುತ್ತೂರಿಯಾಗಿದ್ದಿತು. 1938ರಲ್ಲಿ ಫ್ರಾನ್ಸಿನ ಪಂದ್ಯವನ್ನು ಗೆಲ್ಲಲೇಬೇಕೆಂದು ತೀರ್ಮಾನಿಸಿ, ಬಾರ್ತಲಿಯು ಆ ವರ್ಷದ ಜಿರೋದಲ್ಲಿ ಭಾಗವಹಿಸದಂತೆ ತಡೆದರು. ಆತನು ಹೋದನು, ಗೆದ್ದನು. ಎರಡನೆಯವನಾದ ಬೆಲ್ಜಿಯಮಿನ ವೆರ್ವಾಕೆಗಿಂತ 18 ನಿಮಿಷ 27 ಸೆಕೆಂಡು ಮುಂದಿದ್ದನು. ಯಹೂದಿಗಳು ಇಟಲಿಯ ಜನಾಂಗಕ್ಕೆ ಸೇರಿದವರಲ್ಲವೆಂದು ಸಾರಿದ ಕುಪ್ರಸಿದ್ಧ ಘೋಷಣಾಪತ್ರ ಇಟಲಿಯ ಪತ್ರಿಕೆಯಲ್ಲಿ ಅಚ್ಚಾದುದೂ ಅದೇ ಜುಲೈ ತಿಂಗಳಲ್ಲಿ.

ವಿಜಯಿಯಾದ ಇಟಾಲಿಯನ್ನನು ತನ್ನ ಗೆಲುವನ್ನು ಸರ್ವಾಧಿಕಾರಿಗೆ ಅರ್ಪಿಸುವುದು ಅಂದಿನ ವಾಡಿಕೆ. ಬಾರ್ತಲಿಯ ಬಾಯಿಂದ ಆ ಹೆಸರು ಬರಲಿಲ್ಲ. ತನ್ನನ್ನು ಹುರಿದುಂಬಿಸಿದ ಜನರಿಗೆ ಕೃತಜ್ಞತೆ ಹೇಳಿ, ಪ್ಯಾರಿಸಿನ ಇಗರ್ಜಿಯೊಂದಕ್ಕೆ ಹೋಗಿ, ತನಗೆ ದೊರೆತ ಹೂಗುಚ್ಛವನ್ನು ಮೇರಿಮಾತೆಯ ಪಾದದಲ್ಲಿರಿಸಿ ಬಂದನು. ಆತನು ಭಾಷಣ ಮಾಡಲಿಲ್ಲ, ಪ್ರತಿಭಟನೆಯನ್ನೂ ಸಾರಲಿಲ್ಲ. ಆದರೆ ಹೇಳಬೇಕಾದ ಮಾತನ್ನು ಹೇಳದೆ ಬಿಡುವುದೂ ಒಮ್ಮೊಮ್ಮೆ ದೊಡ್ಡ ಮಾತೇ ಆಗುತ್ತದೆ.

ಪೊಳ್ಳು ಕೊಳವೆಯೊಳಗಿನ ಕಾಗದಗಳು

1940ರ ಜಿರೋದಲ್ಲಿ ನಾಯಿಯೊಂದು ಅಡ್ಡ ಬಂದುದರಿಂದ ಬಾರ್ತಲಿಯು ಬಿದ್ದು ಗಾಯಗೊಂಡನು. ಆತನಿಗೆ ಸಹಾಯಕನಾಗಿ ತಂಡಕ್ಕೆ ಸೇರಿದ್ದ ಇಪ್ಪತ್ತು ವರ್ಷದ ಫೌಸ್ತೊ ಕೊಪ್ಪಿ ಎಂಬ ತೆಳ್ಳನೆಯ ತರುಣನು ಆ ಪಂದ್ಯವನ್ನು ಗೆದ್ದುಬಿಟ್ಟನು. ಪಂದ್ಯ ಮುಗಿದುದು ಜೂನ್ 9ರಂದು. ಇಟಲಿ ಯುದ್ಧಕ್ಕೆ ಇಳಿದುದು ಜೂನ್ 10ರಂದು. ಅಲ್ಲಿಂದ ಮುಂದೆ ಐದಾರು ವರ್ಷ ಹಳದಿ ಅಂಗಿಯೂ ಇಲ್ಲ, ಗುಲಾಬಿ ಅಂಗಿಯೂ ಇಲ್ಲ. ಸವಾರನೊಬ್ಬನ ಕಾಲಿನಲ್ಲಿ ಪೂರ್ಣ ಬಲ ತುಂಬಿರುವ ವರ್ಷಗಳನ್ನು ಯುದ್ಧವು ನುಂಗಿತು. ಆ ನವೆಂಬರ್ ತಿಂಗಳಲ್ಲಿ ಬಾರ್ತಲಿಯು ಆದ್ರಿಯಾನಾಳನ್ನು ಮದುವೆಯಾದನು. ವಿವಾಹವನ್ನು ನಡೆಸಿಕೊಟ್ಟವರು ಫ್ಲಾರೆನ್ಸಿನ ಧರ್ಮಾಧ್ಯಕ್ಷ ಕಾರ್ಡಿನಲ್ ಎಲಿಯಾ ದಲ್ಲಾ ಕೋಸ್ತ.

1943ರ ಸೆಪ್ಟೆಂಬರಿನಲ್ಲಿ ಇಟಲಿಯು ಮಿತ್ರರಾಷ್ಟ್ರಗಳಿಗೆ ಶರಣಾಯಿತು. ಕೂಡಲೇ ಜರ್ಮನ್ ಸೇನೆಯು ದೇಶದ ಉತ್ತರ ಮತ್ತು ಮಧ್ಯಭಾಗಗಳನ್ನು ಆಕ್ರಮಿಸಿತು. ಯಹೂದಿಗಳನ್ನು ಮನೆಮನೆಗಳಿಂದ ಎಳೆದು ಸಾವಿನ ಶಿಬಿರಗಳಿಗೆ ಸಾಗಿಸುವ ಘೋರಕೃತ್ಯ ಇಟಲಿಯಲ್ಲಿಯೂ ಮೊದಲಾಯಿತು. ಅಡಗಿಕೊಂಡವರು ಬದುಕಬೇಕಾದರೆ ಬೇರೊಂದು ಹೆಸರಿನ ಗುರುತಿನ ಚೀಟಿ ಬೇಕು. ಆ ಚೀಟಿಯಿಲ್ಲದವನಿಗೆ ಪಡಿತರವೂ ಇಲ್ಲ, ಪ್ರಯಾಣವೂ ಇಲ್ಲ. ಕಾರ್ಡಿನಲ್ ದಲ್ಲಾ ಕೋಸ್ತ ಅವರು ಫ್ಲಾರೆನ್ಸಿನ ರಬ್ಬಿ ನಾಥಾನ್ ಕಸ್ಸೂತೊ ಮತ್ತಿತರರೊಡನೆ ಸೇರಿ ರಕ್ಷಣೆಯ ಗುಪ್ತಜಾಲವೊಂದನ್ನು ನಡೆಸಿದರು. ಸಂತ ಫ್ರಾನ್ಸಿಸನ ಊರಾದ ಅಸೀಸಿಯಲ್ಲಿ ಬಿಷಪ್ ನಿಕೊಲೀನಿಯವರ ಆಶ್ರಯದಲ್ಲಿ ಮಠಗಳ ಬಾಗಿಲುಗಳು ನಿರಾಶ್ರಿತರಿಗೆ ತೆರೆದವು. ಅದೇ ಊರಿನಲ್ಲಿ ಬ್ರಿಜಿ ಎಂಬ ತಂದೆ ಮಗ ಇಬ್ಬರು ತಮ್ಮ ಸಣ್ಣ ಮುದ್ರಣಾಲಯದಲ್ಲಿ ಸುಳ್ಳು ಗುರುತಿನ ಚೀಟಿಗಳನ್ನು ಅಚ್ಚುಹಾಕತೊಡಗಿದರು.

ಫ್ಲಾರೆನ್ಸಿಗೂ ಅಸೀಸಿಗೂ ಸುಮಾರು 170 ಕಿಲೋಮೀಟರುಗಳ ಅಂತರ. ವಿಜಯಪುರದಿಂದ ಕಲಬುರಗಿಗೆ ಹೋಗುವ ದಾರಿಗಿಂತ ಕೊಂಚ ಹೆಚ್ಚು. ಭಾವಚಿತ್ರಗಳನ್ನು ಅತ್ತ ಒಯ್ದು ಸಿದ್ಧವಾದ ಚೀಟಿಗಳನ್ನು ಇತ್ತ ತರುವವರು ಯಾರು? ಹೆಜ್ಜೆಹೆಜ್ಜೆಗೂ ಸೈನಿಕರ ತಪಾಸಣೆ ಇದ್ದಿತು. ಆದರೆ ಸೈಕಲ್ ಪಂದ್ಯದ ವೀರನೊಬ್ಬನು ದಿನವೂ ನೂರಾರು ಕಿಲೋಮೀಟರು ಅಭ್ಯಾಸ ಮಾಡುವುದರಲ್ಲಿ ಯಾರಿಗೆ ಸಂಶಯ ಬಂದೀತು? ಬಾರ್ತಲಿಯು ತನ್ನ ಹೆಸರನ್ನು ಬರೆದಿದ್ದ ಅಂಗಿಯನ್ನೇ ತೊಟ್ಟು ಹೊರಡುತ್ತಿದ್ದನು. ಕಾಗದಗಳನ್ನು ಸುರುಳಿಸುತ್ತಿ ಸೈಕಲ್ಲಿನ ಚೌಕಟ್ಟಿನ ಪೊಳ್ಳು ಕೊಳವೆಯೊಳಗೆ ತುರುಕಿ, ಮೇಲೆ ಸೀಟನ್ನು ಬಿಗಿದುಬಿಡುತ್ತಿದ್ದನೆಂದು ಆತನ ಮಗನೂ ಇತರರೂ ಮುಂದೆ ತಿಳಿಸಿದ್ದಾರೆ. ತಡೆದ ಸೈನಿಕರಲ್ಲಿ ಕೆಲವರು ಆತನ ಅಭಿಮಾನಿಗಳು. ಅವರಿಗೆ ಪಂದ್ಯಗಳ ಕಥೆ ಬೇಕು. ಸೈಕಲ್ಲನ್ನು ಮುಟ್ಟಬೇಡಿರೆಂದೂ, ಅದರ ಭಾಗಗಳನ್ನು ವೇಗಕ್ಕಾಗಿ ಕೂದಲೆಳೆಯಷ್ಟು ಲೆಕ್ಕಹಾಕಿ ಜೋಡಿಸಿದೆಯೆಂದೂ ಬಾರ್ತಲಿಯು ಹೇಳುತ್ತಿದ್ದನಂತೆ. ರಿಪೇರಿ ಅಂಗಡಿಯಲ್ಲಿ ಕಲಿತ ವಿದ್ಯೆಯು ಪ್ರಾಣರಕ್ಷಣೆಗೆ ಒದಗಿದುದು ಹೀಗೆ.

ಇಷ್ಟೇ ಅಲ್ಲ. ಗೋಲ್ಡನ್‌ಬರ್ಗ್ ಎಂಬ ಯಹೂದಿ ಕುಟುಂಬಕ್ಕೆ ಫ್ಲಾರೆನ್ಸಿನಲ್ಲಿದ್ದ ತನ್ನ ಮನೆಯೊಂದರ ನೆಲಮಾಳಿಗೆಯಲ್ಲಿ ಆತನು ಅಡಗುದಾಣ ಕೊಟ್ಟನು. ಅದು ಸಿಕ್ಕಿಬಿದ್ದರೆ ಆತನ ತಲೆಯಷ್ಟೇ ಅಲ್ಲ, ಹೆಂಡತಿ ಮತ್ತು ಎಳೆಯ ಮಗನ ಬದುಕೂ ಅಪಾಯಕ್ಕೆ ಸಿಲುಕುತ್ತಿದ್ದಿತು. ಫ್ಲಾರೆನ್ಸಿನ ಜನ ಹೆಸರು ಕೇಳಿದರೇ ನಡುಗುತ್ತಿದ್ದ ಫ್ಯಾಸಿಸ್ಟ್ ಮೇಜರ್ ಮಾರಿಯೋ ಕರೀತಾ ಒಮ್ಮೆ ಬಾರ್ತಲಿಯನ್ನು ಹಿಡಿತರಿಸಿ ವಿಚಾರಣೆಗೆ ಗುರಿಪಡಿಸಿದನು. ಬಾರ್ತಲಿಯು ಏನನ್ನೂ ಬಾಯಿಬಿಡಲಿಲ್ಲ. ಕೆಲವು ದಿನಗಳಲ್ಲಿ ಬಿಡುಗಡೆ ಹೊಂದಿದನು.

ಹತ್ತು ವರ್ಷಗಳ ಬಳಿಕ

ಯುದ್ಧವು ಮುಗಿದಾಗ ಇಟಲಿಯು ಸೋತ ದೇಶ, ಹಸಿದ ದೇಶ. ಸೈಕಲ್ಲೊಂದು ಕಳುವಾದರೆ ಸಂಸಾರವೇ ಬೀದಿಗೆ ಬೀಳುವ ಅಂದಿನ ಸ್ಥಿತಿಯನ್ನು 1948ರಲ್ಲಿ ತೆರೆಕಂಡ ವಿತ್ತೋರಿಯೋ ದೆ ಸೀಕಾನ ಚಲಚ್ಚಿತ್ರ "ಬೈಸಿಕಲ್ ಥೀವ್ಸ್" ಜಗತ್ತಿಗೆ ತೋರಿಸಿತು. 1952ರಲ್ಲಿ ಭಾರತದ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅದನ್ನು ಕಂಡ ನಮ್ಮ ಪ್ರೇಕ್ಷಕರಿಗೆ, ಆ ತಂದೆ ಮಗನ ಸಂಕಟವನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

1946ರ ಜಿರೋವನ್ನು ಬಾರ್ತಲಿಯು ಕೊಪ್ಪಿಗಿಂತ ಕೇವಲ 47 ಸೆಕೆಂಡುಗಳ ಅಂತರದಿಂದ ಗೆದ್ದನು. 1948ರಲ್ಲಿ ಮತ್ತೆ ಫ್ರಾನ್ಸಿಗೆ ಹೊರಟಾಗ ಆತನಿಗೆ ಮೂವತ್ತನಾಲ್ಕು ತುಂಬುತ್ತಿದ್ದಿತು. "ಮುದುಕ" ಎಂದು ಪತ್ರಿಕೆಗಳು ಬರೆದವು. ಪಂದ್ಯದ ಅರ್ಧಭಾಗ ಕಳೆದು ಸವಾರರು ಕಾನ್ ನಗರದಲ್ಲಿ ವಿಶ್ರಾಂತಿಗೆ ತಂಗಿದಾಗ, ಬಾರ್ತಲಿಯು ಫ್ರಾನ್ಸಿನ ತರುಣ ಲೂಯಿಸೋ ಬೊಬೆಗಿಂತ ಇಪ್ಪತ್ತೊಂದು ನಿಮಿಷಗಳಿಗೂ ಮಿಕ್ಕಿ ಹಿಂದಿದ್ದನು. ಆತನ ಕಥೆ ಮುಗಿಯಿತೆಂದು ವರದಿಗಾರರು ಮನೆಗೆ ಹೊರಡುವ ಮಾತಾಡುತ್ತಿದ್ದರು.

ಅಂದು ಜುಲೈ 14. ರೋಮಿನಲ್ಲಿ ಪಾರ್ಲಿಮೆಂಟಿನ ಹೊರಗೆ ಕಮ್ಯೂನಿಸ್ಟ್ ಪಕ್ಷದ ನಾಯಕ ಪಾಲ್ಮಿರೋ ತೊಲ್ಯಾತ್ತಿಯ ಮೇಲೆ ವಿದ್ಯಾರ್ಥಿಯೊಬ್ಬನು ಗುಂಡು ಹಾರಿಸಿದನು. ಸುದ್ದಿ ಹರಡುತ್ತಲೇ ಕಾರ್ಖಾನೆಗಳು ನಿಂತವು, ಬೀದಿಗಳಲ್ಲಿ ಘರ್ಷಣೆ ಹೊತ್ತಿತು, ಜೀವಗಳು ಬಿದ್ದವು. ಅಂತರ್ಯುದ್ಧವೇ ಆಗಿಬಿಡುವುದೋ ಎಂಬ ಭೀತಿ ಆವರಿಸಿತು. ಆ ರಾತ್ರಿ ಕಾನ್ ನಗರದ ಹೋಟೆಲಿಗೆ ಪ್ರಧಾನಮಂತ್ರಿ ಅಲ್ಚಿದೆ ದೆ ಗಾಸ್ಪೆರಿಯವರಿಂದ ಟೆಲಿಫೋನ್ ಕರೆ ಬಂದಿತು. ಇಂಥ ಸಮಯದಲ್ಲಿ ಒಂದು ಗೆಲುವು ದೇಶಕ್ಕೆ ಎಷ್ಟು ಅವಶ್ಯವೆಂಬುದನ್ನು ಅವರು ಬಾರ್ತಲಿಗೆ ತಿಳಿಸಿದರು.

ಮರುದಿನ ಕಾನ್‌ನಿಂದ ಬ್ರಿಯಾನ್ಸೋಗೆ 274 ಕಿಲೋಮೀಟರುಗಳ ಹಂತ. ದಾರಿಯಲ್ಲಿ ಅಲೋಸ್, ವಾರ್ಸ್, ಇಜೋಆರ್ ಎಂಬ ಮೂರು ಮಹಾಘಟ್ಟಗಳು. ಕೊರೆಯುವ ಚಳಿ, ಮಳೆ, ಕೆಸರು. ಇಂಥ ಹವೆಯೇ ಬಾರ್ತಲಿಗೆ ಪ್ರಿಯ. ಘಟ್ಟದಿಂದ ಘಟ್ಟಕ್ಕೆ ಆತನು ಒಬ್ಬೊಬ್ಬರನ್ನಾಗಿ ಹಿಂದೆ ಹಾಕುತ್ತ ಒಂಟಿಯಾಗಿ ಬ್ರಿಯಾನ್ಸೋ ತಲುಪಿದನು. ಸಂಜೆ ಲೆಕ್ಕ ಹಾಕಿದಾಗ ಇಪ್ಪತ್ತೊಂದು ನಿಮಿಷಗಳ ಅಂತರವು ಒಂದು ನಿಮಿಷ ಆರು ಸೆಕೆಂಡುಗಳಿಗೆ ಇಳಿದಿದ್ದಿತು. ಮರುದಿನದ 263 ಕಿಲೋಮೀಟರುಗಳನ್ನೂ ಗೆದ್ದು ಹಳದಿ ಅಂಗಿಯನ್ನು ತೊಟ್ಟನು. ಅದರ ಮುಂದಿನ ಹಂತವೂ ಆತನದೇ ಆಯಿತು. ಪ್ಯಾರಿಸಿನಲ್ಲಿ ಪಂದ್ಯ ಮುಗಿದಾಗ ಎರಡನೆಯವನಿಗಿಂತ 26 ನಿಮಿಷ 16 ಸೆಕೆಂಡು ಮುಂದಿದ್ದನು. ಮೊದಲ ಗೆಲುವಿಗೂ ಎರಡನೆಯದಕ್ಕೂ ನಡುವೆ ಹತ್ತು ವರ್ಷ! ಟೂರ್ ಡಿ ಫ್ರಾನ್ಸ್ ಗೆದ್ದವರಲ್ಲಿ ಇಷ್ಟು ದೀರ್ಘವಾದ ಅಂತರದ ಬಳಿಕ ಮರಳಿ ಗೆದ್ದವರು ಬೇರೆ ಯಾರೂ ಇಲ್ಲ.

ಬಾರ್ತಲಿಯ ಕಾಲುಗಳೇ ಇಟಲಿಯನ್ನು ಅಂತರ್ಯುದ್ಧದಿಂದ ಉಳಿಸಿದುವೆಂದು ಜನ ನಂಬಿದರು. ಇಂದಿಗೂ ಅನೇಕರು ನಂಬುತ್ತಾರೆ. ಇತಿಹಾಸಕಾರರು ಇಷ್ಟು ದೂರ ಹೋಗುವುದಿಲ್ಲ. ಗಾಯಗೊಂಡ ತೊಲ್ಯಾತ್ತಿಯೇ ಶಾಂತಿಯಿಂದಿರಬೇಕೆಂದು ತನ್ನವರಿಗೆ ಹೇಳಿದುದು ಮತ್ತು ಪೊಲೀಸರ ಬಂದೋಬಸ್ತು ಮುಖ್ಯವಾದ ಕಾರಣಗಳೆಂದು ಅವರ ಅಭಿಪ್ರಾಯ. ಆದರೂ ಬೀದಿಯಲ್ಲಿ ಕಲ್ಲು ಹಿಡಿದು ನಿಂತಿದ್ದವರು ರೇಡಿಯೋದ ಮುಂದೆ ಒಂದು ಗಳಿಗೆ ಒಟ್ಟಿಗೆ ಕಿವಿಗೊಟ್ಟರೆಂಬುದೂ ಸಣ್ಣ ಮಾತಲ್ಲ.

ಇಬ್ಬರು ವೀರರು, ಎರಡು ಇಟಲಿ

ಬಾರ್ತಲಿಯ ಜನಪ್ರಿಯತೆಯ ಕಥೆ ಕೊಪ್ಪಿಯಿಲ್ಲದೆ ಪೂರ್ಣವಾಗದು. ಬಾರ್ತಲಿಯು ಹಳ್ಳಿಗರ, ಸಂಪ್ರದಾಯಸ್ಥರ, ದೇವಭಕ್ತರ ನೆಚ್ಚಿನವನು. ಒರಟು ದನಿ, ಚಪ್ಪಟೆ ಮೂಗು, ಎಲ್ಲದಕ್ಕೂ ಗೊಣಗುವ ಸ್ವಭಾವ. "ಎಲ್ಲವೂ ತಪ್ಪು, ಎಲ್ಲವನ್ನೂ ಹೊಸದಾಗಿ ಮಾಡಬೇಕು" ಎಂಬ ಅರ್ಥದ ಆತನ ಮಾತು ಇಟಲಿಯಲ್ಲಿ ಗಾದೆಯಾಗಿಹೋಗಿದೆ. ಕೊಪ್ಪಿಯಾದರೋ ಮಿತಭಾಷಿ, ನಾಜೂಕಿನವನು. ಆಹಾರ, ವ್ಯಾಯಾಮ ಎಲ್ಲದರಲ್ಲಿಯೂ ಹೊಸ ವಿಜ್ಞಾನವನ್ನು ಅನುಸರಿಸಿದವನು. ಹೊಸ ಕಾಲದವರು ಅವನನ್ನು ಮೆಚ್ಚಿದರು. ಊಟದ ಮನೆಯಲ್ಲಿ, ಕ್ಷೌರದ ಅಂಗಡಿಯಲ್ಲಿ, ಕಾಫಿ ಹೋಟೆಲಿನಲ್ಲಿ ನೀನು ಬಾರ್ತಲಿಯ ಪಕ್ಷವೋ ಕೊಪ್ಪಿಯ ಪಕ್ಷವೋ ಎಂಬುದೇ ಮೊದಲ ಪ್ರಶ್ನೆ. ಅಣ್ಣ ತಮ್ಮಂದಿರು ಇದಕ್ಕಾಗಿ ಮಾತು ಬಿಟ್ಟದ್ದುಂಟು.

ಈ ಸ್ಪರ್ಧೆಯಲ್ಲಿ ಸಣ್ಣತನವೂ ಇದ್ದಿತು. 1948ರ ವಿಶ್ವ ಚಾಂಪಿಯನ್ ಪಂದ್ಯದಲ್ಲಿ ಇಬ್ಬರೂ ಪರಸ್ಪರ ಕಾಯುತ್ತಲೇ ಹಿಂದೆ ಬಿದ್ದು ಪಂದ್ಯವನ್ನು ಅರ್ಧಕ್ಕೇ ಬಿಟ್ಟರು. ಇಟಲಿಗೆ ಇಟಲಿಯೇ ಸಿಟ್ಟಾಯಿತು. 1949ರ ಜಿರೋದಲ್ಲಿ ಕೂನೆಯೋದಿಂದ ಪಿನೆರೋಲೋಗೆ ಸಾಗಿದ ಹಂತದಲ್ಲಿ ಕೊಪ್ಪಿಯು 192 ಕಿಲೋಮೀಟರುಗಳನ್ನು ಒಂಟಿಯಾಗಿ ಕ್ರಮಿಸಿದನು. ಎರಡನೆಯವನಾಗಿ ಬಂದ ಬಾರ್ತಲಿ ಸುಮಾರು ಹನ್ನೆರಡು ನಿಮಿಷ ಹಿಂದಿದ್ದನು. ಒಂದು ಯುಗ ಮುಗಿದು ಮತ್ತೊಂದು ಆರಂಭವಾದುದು ಅಂದೇ ಎನ್ನುವವರಿದ್ದಾರೆ.

ದೊಡ್ಡತನವೂ ಇದ್ದಿತು. ಅದೇ ವರ್ಷ ಫ್ರಾನ್ಸಿನ ಪಂದ್ಯದಲ್ಲಿ ಇಬ್ಬರೂ ಜೊತೆಯಾಗಿ ಬ್ರಿಯಾನ್ಸೋ ಸಮೀಪಿಸಿದ ದಿನ ಬಾರ್ತಲಿಯ ಮೂವತ್ತೈದನೆಯ ಹುಟ್ಟುಹಬ್ಬ. ಕೊಪ್ಪಿಯು ಆ ಹಂತವನ್ನು ಹಿರಿಯನಿಗೆ ಬಿಟ್ಟುಕೊಟ್ಟನು. ಪಂದ್ಯವನ್ನು ಗೆದ್ದವನು ಕೊಪ್ಪಿ. 1952ರಲ್ಲಿ ಗಾಲಿಬಿಯೇ ಘಟ್ಟದ ಏರಿನಲ್ಲಿ ಒಬ್ಬರು ಮತ್ತೊಬ್ಬರಿಗೆ ನೀರಿನ ಶೀಶೆ ಕೊಡುತ್ತಿರುವ ಛಾಯಾಚಿತ್ರವು ಇಟಲಿಯಲ್ಲಿ ಮನೆಮಾತಾಯಿತು. ಕೊಟ್ಟವನು ಯಾರು, ಪಡೆದವನು ಯಾರು ಎಂಬ ವಾದವು ಇಂದಿಗೂ ಮುಗಿದಿಲ್ಲ. ನೀರು ಒಂದೇ, ಬಾಯಾರಿಕೆ ಒಂದೇ ಎಂಬುದನ್ನು ಬಲ್ಲವರಿಗೆ ಆ ವಾದ ಬೇಕಾಗಿಯೂ ಇಲ್ಲ.

1954ರಲ್ಲಿ, ನಾಲ್ವತ್ತರ ವಯಸ್ಸಿನಲ್ಲಿ, ಬಾರ್ತಲಿಯು ಪಂದ್ಯಗಳಿಂದ ನಿವೃತ್ತನಾದನು. ಮೂರು ಜಿರೋ, ಎರಡು ಟೂರ್ ಡಿ ಫ್ರಾನ್ಸ್, ನಾಲ್ಕು ಮಿಲಾನ್–ಸಾನ್ ರೇಮೋ, ಮೂರು ಲೊಂಬಾರ್ದಿಯಾ ಪಂದ್ಯಗಳು ಆತನ ಪಾಲಿಗೆ ಬಂದಿದ್ದವು. ಅನಂತರ ಒಂದು ತಂಡದ ವ್ಯವಸ್ಥಾಪಕನಾಗಿ ದುಡಿದನು. 1960ರಲ್ಲಿ ಆ ತಂಡಕ್ಕೆ ಸೇರಬೇಕಾಗಿದ್ದವನು ಹಳೆಯ ಎದುರಾಳಿ ಕೊಪ್ಪಿಯೇ! ಆದರೆ ಆಫ್ರಿಕದ ಪ್ರವಾಸದಲ್ಲಿ ಮಲೇರಿಯಾ ತಗಲಿ ಕೊಪ್ಪಿಯು ಆ ವರ್ಷದ ಜನವರಿ 2ರಂದು, ನಾಲ್ವತ್ತನೆಯ ವಯಸ್ಸಿನಲ್ಲಿಯೇ ತೀರಿಕೊಂಡನು. ಬಾರ್ತಲಿಯು ಇನ್ನೂ ನಾಲ್ಕು ದಶಕ ಬಾಳಿ, ಟೆಲಿವಿಷನ್ನಿನಲ್ಲಿಯೂ ಗೊಣಗಿ ಜನರನ್ನು ನಗಿಸಿ, 2000ನೆಯ ಇಸವಿ ಮೇ 5ರಂದು ಫ್ಲಾರೆನ್ಸಿನಲ್ಲಿ ನಿಧನ ಹೊಂದಿದನು. ಆತನ ಹೆಸರಿನ ಹಾಡು 1979ರಲ್ಲಿಯೇ ಪಾವೊಲೋ ಕೊಂತೆಯ ಕಂಠದಲ್ಲಿ ಮೂಡಿಬಂದಿದ್ದಿತು. ಹುಟ್ಟಿದ ಹಳ್ಳಿಯಲ್ಲಿ ಆತನ ಹೆಸರಿನ ಸೈಕಲ್ ವಸ್ತುಸಂಗ್ರಹಾಲಯವಿದೆ.

ಹೇಳದೆ ಉಳಿಸಿದ ಮಾತು

ಯುದ್ಧಕಾಲದ ಸಂಗತಿಯನ್ನು ಮಾತ್ರ ಬಾರ್ತಲಿಯು ಬಹಿರಂಗವಾಗಿ ಆಡಿಕೊಳ್ಳಲಿಲ್ಲ. ಮಗ ಆಂದ್ರೆಯಾನಿಗೆ ಅಲ್ಪಸ್ವಲ್ಪ ತಿಳಿಸಿ, ಯಾರಿಗೂ ಹೇಳಕೂಡದೆಂದು ಕಟ್ಟುಮಾಡಿದ್ದನು. ಕೆಲವು ಪದಕಗಳು ಅಂಗಿಯ ಮೇಲೆ ಧರಿಸುವಂಥವಲ್ಲ, ಆತ್ಮಕ್ಕೆ ಸೇರಿದುವು ಎಂಬ ಅರ್ಥದ ಮಾತನ್ನು ತಂದೆ ಆಡುತ್ತಿದ್ದನೆಂದು ಮಗನು ನೆನೆದಿದ್ದಾನೆ. ಬಲಗೈ ಕೊಟ್ಟುದು ಎಡಗೈಗೆ ತಿಳಿಯಬಾರದೆಂಬುದು ನಮ್ಮಲ್ಲಿಯೂ ಹಳೆಯ ನುಡಿ. ನಾನು ಮಾಡಿದೆನೆಂಬ ಭಾವವು ಸುಳಿದರೆ ಮಾಡಿದ ದಾಸೋಹವೇ ಕೆಡುವುದೆಂದು ಎಚ್ಚರಿಸಿದ ಬಸವಣ್ಣನವರು ಜನಿಸಿದುದು ಹೂವಿನ ಹಿಪ್ಪರಗಿಗೆ ನೆರೆಯ ಬಾಗೇವಾಡಿಯಲ್ಲಿ. ಆ ಹೆಸರನ್ನು ಕೇಳಿಯೇ ಇರದ ಇಟಲಿಯ ಸೈಕಲ್ ಸವಾರನು ಆ ಎಚ್ಚರವನ್ನು ಐವತ್ತು ವರ್ಷಗಳಿಗೂ ಮೀರಿ ಪಾಲಿಸಿದನು.

2005ರಲ್ಲಿ ಇಟಲಿಯ ರಾಷ್ಟ್ರಪತಿ ಚಾಂಪಿಯವರು ಆತನಿಗೆ ಮರಣೋತ್ತರ ಸ್ವರ್ಣಪದಕವನ್ನಿತ್ತರು. ಬಾಲ್ಯದಲ್ಲಿ ಆ ನೆಲಮಾಳಿಗೆಯಲ್ಲಿ ಅಡಗಿದ್ದ ಜ್ಯೋರ್ಜೋ ಗೋಲ್ಡನ್‌ಬರ್ಗ್ ಅವರು ತಮ್ಮ ಸಾಕ್ಷ್ಯವನ್ನು ನುಡಿದರು. 2013ರ ಸೆಪ್ಟೆಂಬರಿನಲ್ಲಿ ಜೆರುಸಲೇಮಿನ ಯಾದ್ ವಾಶೆಮ್ ಸಂಸ್ಥೆಯು, ಯಹೂದಿಗಳನ್ನು ರಕ್ಷಿಸಿದ ಅನ್ಯಧರ್ಮೀಯ ಸಜ್ಜನರ ಸಾಲಿನಲ್ಲಿ ಬಾರ್ತಲಿಯ ಹೆಸರನ್ನು ಸೇರಿಸಿತು. 2018ರ ಜಿರೋ ಪಂದ್ಯವು ಜೆರುಸಲೇಮಿನಲ್ಲಿ ಆರಂಭವಾದಾಗಲೂ ಆತನ ಸ್ಮರಣೆ ನಡೆಯಿತು. ಎಂಟುನೂರು ಮಂದಿಯನ್ನು ಆತನು ಉಳಿಸಿದನೆಂಬ ಲೆಕ್ಕ ಬಹಳ ಕಡೆ ಕಾಣಸಿಗುತ್ತದೆ. ಆ ಸಂಖ್ಯೆಗೆ ತಕ್ಕ ಆಧಾರಗಳಿಲ್ಲವೆಂದೂ, ಅಸೀಸಿಯ ಪ್ರಯಾಣಗಳ ಕಥೆಯಲ್ಲಿ ಕಾಲಕ್ರಮದಲ್ಲಿ ಬೆಳೆದ ಅಂಶಗಳಿವೆಯೆಂದೂ ಇಟಲಿಯ ಕೆಲವು ಇತಿಹಾಸಕಾರರು ಆಕ್ಷೇಪವೆತ್ತಿದ್ದಾರೆ. ಗುಟ್ಟಾಗಿ ನಡೆದ ಕೆಲಸಕ್ಕೆ ದಾಖಲೆ ಕಡಮೆ. ಮಾಡಿದವನೇ ಮೌನಿಯಾದರೆ ಇನ್ನೂ ಕಡಮೆ. ಆದರೆ ಒಂದು ಕುಟುಂಬವು ಆ ನೆಲಮಾಳಿಗೆಯಿಂದ ಜೀವಂತವಾಗಿ ಹೊರಬಂದುದಕ್ಕೆ ಆ ಕುಟುಂಬದ ಮಗನ ಮಾತೇ ಸಾಕ್ಷಿ. ಸಂಖ್ಯೆ ಎಷ್ಟೇ ಇರಲಿ, ಉಳಿದ ಒಂದೊಂದು ಜೀವಕ್ಕೂ ಬೆಲೆ ಪೂರ್ಣವೇ.

ಸೈಕಲ್ ಪಂದ್ಯಗಳ ದಾಖಲೆ ಪುಸ್ತಕಗಳಲ್ಲಿ ಬಾರ್ತಲಿಯ ಹೆಸರಿನ ಮುಂದೆ ಇಸವಿಗಳ ಉದ್ದನೆಯ ಸಾಲಿದೆ. 1936, 1937, 1938, 1946, 1948 ಹೀಗೆ ಗೆಲುವುಗಳು ಒಂದರ ಕೆಳಗೊಂದು ಕುಳಿತಿವೆ. 1943 ಮತ್ತು 1944ರ ಎದುರಿಗೆ ಮಾತ್ರ ದೊಡ್ಡ ಪಂದ್ಯದ ಗೆಲುವು ಯಾವುದೂ ಇಲ್ಲ. ಆತನು ತನ್ನ ಜೀವನದಲ್ಲೆಲ್ಲ ಅತ್ಯಂತ ಕಠಿನವಾದ ದಾರಿಯನ್ನು ತುಳಿದುದು ಆ ಎರಡು ವರ್ಷಗಳಲ್ಲಿಯೇ.